ರಾಯಚೂರಿನ ಉದ್ದಗಲ್ಲು ಮತ್ತು ಚಂದುಪಟ್ಲದ ಸಾಕ್ಷಿ

ರಾಯಚೂರು ಕೋಟೆಯ ಬಗ್ಗೆ ಯಾವ ಕೈಪಿಡಿ ತೆಗೆದರೂ ಒಂದು ಮಾತು ಸಿಕ್ಕೇ ಸಿಗುತ್ತದೆ. ಕಾಕತೀಯ ರಾಣಿ ರುದ್ರಮದೇವಿಯ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರುದ್ದಿವಾರು ಎಂಬ ಸಾಮಂತ ಈ ಕೋಟೆ ಕಟ್ಟಿಸಿದ. ಗೆಜೆಟಿಯರಿನಿಂದ ಶಾಲೆಯ ಪ್ರಬಂಧಕ್ಕೆ, ಪ್ರಬಂಧದಿಂದ ಭಾಷಣಕ್ಕೆ, ಅಲ್ಲಿಂದ ಮೊಬೈಲ್ ಫಾರ್ವರ್ಡಿಗೆ, ಹೀಗೆ ನೂರು ವರ್ಷದಿಂದ ಈ ಮಾತು ಓಡಾಡ್ತಾ ಇದೆ. ಇದರಲ್ಲಿ ಇಸವಿ ಸರಿ. ರಾಣಿ ಸರಿಯಿಲ್ಲ. ಕಟ್ಟಿಸಿದವನ ಹೆಸರೂ ಸರಿಯಿಲ್ಲ.

ಈ ಎರಡೂ ಹೇಗೆ ತಪ್ಪಿದವು, ಆಮೇಲೆ ಹೇಗೆ ಸರಿಯಾದವು ಅನ್ನೋದನ್ನ ಸ್ವಲ್ಪ ವಿವರವಾಗಿ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಯಾಕಂದ್ರೆ ಸರಿಪಡಿಸಿದ ಸಾಕ್ಷಿ ರಾಯಚೂರಿನಲ್ಲಿ ಸಿಕ್ಕಿದ್ದಲ್ಲ. ಅದು ತೆಲಂಗಾಣದ ನಲ್ಗೊಂಡ ಸೀಮೆಯ ಒಂದು ಸಣ್ಣ ಊರಿನ ಕಲ್ಲು.

ಮೊದಲು ನಮ್ಮ ಕಲ್ಲು. ರಾಯಚೂರಿಗೆ ಎರಡು ಸುತ್ತಿನ ಕೋಟೆ. ಹೊರಸುತ್ತು ಬಹಮನಿ, ಆದಿಲಶಾಹಿಗಳ ಕಾಲದ್ದು. ಮೆಕ್ಕಾ ದರ್ವಾಜಾ, ನೌರಂಗಿ ದರ್ವಾಜಾ, ಕಾಟಿ ದರ್ವಾಜಾ, ಖಂದಕ ದರ್ವಾಜಾ ಅಂತ ಜನ ಇವತ್ತಿಗೂ ವಿಳಾಸ ಹೇಳೋಕೆ ಬಳಸುವ ಹೆಸರುಗಳೆಲ್ಲ ಈ ಸುತ್ತಿನವು. ಒಳಸುತ್ತು ಬೇರೆ ಜಾತಿಯ ಕೆಲಸ. ಹನ್ನೆರಡು ಅಡಿ ಉದ್ದ, ಮೂರು ಅಡಿ ದಪ್ಪದ ಕಲ್ಲುಗಳನ್ನು ನುಣ್ಣಗೆ ಕೆತ್ತಿ, ಸುಣ್ಣ ಗಾರೆ ಏನೂ ಇಲ್ಲದೆ ಒಂದರ ಮೇಲೊಂದು ಕೂರಿಸಿದ್ದಾರೆ. ಆ ಒಳಗೋಡೆಯ ಪಶ್ಚಿಮದ ಕಡೆ ಒಂದು ಕಲ್ಲು ಉಳಿದವನ್ನೆಲ್ಲ ಮೀರಿಸಿ ಮಲಗಿದೆ. ಉದ್ದ ಸುಮಾರು 41 ಅಡಿ. ಶಾಸನ ಇರೋದು ಅದರ ಮೇಲೆ.

ಶಾಸನದ ಸಾರ ಇಷ್ಟು. ಶಕವರ್ಷ 1216ರಲ್ಲಿ ವಿಠ್ಠಲ ಎಂಬವನು ಆದವಾನಿ, ತುಂಬಳ, ಮಾನುವ, ಹಾಲುವ ಎಂಬ ಕೋಟೆಗಳನ್ನು ಗೆದ್ದು, ರಾಯಚೂರನ್ನು ಹೊಕ್ಕು, ಜನರ ರಕ್ಷಣೆಗಾಗಿ ಇಲ್ಲಿ ಕಲ್ಲಿನ ಕೋಟೆ ಕಟ್ಟಿಸಿದ. ಅವನ ಮೇಲಿನ ಒಡೆಯನಾಗಿ ಇನ್ನೊಬ್ಬನ ಹೆಸರು ಬರುತ್ತದೆ. ಹಳೆಯ ಓದಿನಲ್ಲಿ ‘ಗೋರೆ ಗಂಗಯ್ಯ ರುದ್ದಿವಾರು’ ಆದವನು ಇವನೇ.

ಇಸವಿಯ ಲೆಕ್ಕ ಸುಲಭ. 1216ಕ್ಕೆ 78 ಕೂಡಿಸಿದರೆ 1294. ಆ ವರ್ಷ ಜಯ ಸಂವತ್ಸರ. ಅನುಮಾನ ಇದ್ದವರು ಹೀಗೆ ತಾಳೆ ನೋಡಬಹುದು: 2014ರ ಯುಗಾದಿಗೆ ಶುರುವಾಗಿದ್ದೂ ಜಯ ಸಂವತ್ಸರವೇ, 2014ರಲ್ಲಿ 1294 ಕಳೆದರೆ 720, ಅಂದರೆ ಅರವತ್ತು ವರ್ಷದ ಚಕ್ರ ಸರಿಯಾಗಿ ಹನ್ನೆರಡು ಸಲ ತಿರುಗಿದೆ. ಶಾಸನ ಓದೋಕೆ ಕೂತ ಹೊಸಬರಿಗೆ ನಾನು ಮೊದಲು ಹೇಳೋದು ಈ ಗಣಿತ. ಲಿಪಿ ಕಲಿಯೋಕೆ ವರ್ಷ ಬೇಕು, ಸಂವತ್ಸರದ ಲೆಕ್ಕಕ್ಕೆ ಒಂದು ಸಂಜೆ ಸಾಕು.

ಈಗ ರಾಣಿ. 1294ರಲ್ಲಿ ಓರುಗಲ್ಲಿನ ಗದ್ದುಗೆ ಮೇಲೆ ಯಾರಿದ್ದರು? ಹಳೆಯ ಇತಿಹಾಸಕಾರರು ರುದ್ರಮದೇವಿಯ ಆಳ್ವಿಕೆಯನ್ನು 1295-96ರ ತನಕ ಎಳೆಯುತ್ತಿದ್ದರು. ಆ ಲೆಕ್ಕದಲ್ಲಿ ರಾಯಚೂರು ಕೋಟೆ ಅವಳ ಕಾಲದ್ದು ಅನ್ನೋದು ಸಹಜವಾದ ತೀರ್ಮಾನ. ಬರೆದವರನ್ನು ದೂರುವಂತಿಲ್ಲ, ಅವರ ಕೈಯಲ್ಲಿದ್ದ ಸಾಮಗ್ರಿ ಅಷ್ಟೇ. ಇನ್ನೊಂದು ತೊಡಕೂ ಇತ್ತು. ರುದ್ರಮದೇವಿಯನ್ನು ಶಾಸನಗಳು ಎಷ್ಟೋ ಕಡೆ ‘ರುದ್ರದೇವ ಮಹಾರಾಜ’ ಅಂತ ಗಂಡು ಹೆಸರಿನಿಂದಲೇ ಕರೆಯುತ್ತವೆ. ಅವಳ ಮಗಳ ಮಗ, ಮುಂದಿನ ದೊರೆ ಪ್ರತಾಪರುದ್ರನಿಗೂ ‘ಕುಮಾರ ರುದ್ರದೇವ’ ಎಂಬ ಹೆಸರಿತ್ತು. ಕಾಕತೀಯ ಶಾಸನದಲ್ಲಿ ಬರೀ ‘ರುದ್ರದೇವ’ ಅಂತ ಕಂಡರೆ ಅಜ್ಜಿಯೋ ಮೊಮ್ಮಗನೋ ಅನ್ನೋದನ್ನ ಇಸವಿ ನೋಡಿಯೇ ಹೇಳಬೇಕು.

ಆ ಗೊಂದಲವನ್ನು ಬಿಡಿಸಿದ್ದು ನಲ್ಗೊಂಡ ಜಿಲ್ಲೆಯ ಚಂದುಪಟ್ಲದ ಶಾಸನ. ಅದು ರಾಜ ಹಾಕಿಸಿದ ಶಾಸನ ಅಲ್ಲ. ಪುವ್ವುಲ ಮುಮ್ಮಡಿ ಎಂಬ ಒಬ್ಬ ಸೇವಕ ಹಾಕಿಸಿದ್ದು. ಕಾಕತೀಯ ರುದ್ರಮದೇವಿಯೂ ಅವಳ ಸೇನಾನಿ ಮಲ್ಲಿಕಾರ್ಜುನ ನಾಯಕನೂ ಶಿವಸಾಯುಜ್ಯ ಹೊಂದಿದರು, ಅವರ ಪುಣ್ಯಕ್ಕಾಗಿ ದೇವರಿಗೆ ಭೂಮಿ ಬಿಟ್ಟೆ ಅನ್ನುತ್ತಾನೆ. ಕಾಲ ಶಕ 1211, ವಿರೋಧಿ ಸಂವತ್ಸರ, ಮಾರ್ಗಶಿರ. ಅಂದರೆ 1289ರ ನವೆಂಬರ್. ಸಂವತ್ಸರಗಳ ಪಟ್ಟಿಯಲ್ಲಿ ವಿರೋಧಿ 23ನೆಯದು, ಜಯ 28ನೆಯದು. ಐದು ವರ್ಷದ ಅಂತರ ಇಲ್ಲೂ ಕೂಡಿಬರುತ್ತದೆ. ಅಂದರೆ ರಾಯಚೂರಿನ ಕಲ್ಲಿನ ಮೇಲೆ ಉಳಿ ಬೀಳುವ ಹೊತ್ತಿಗೆ ರಾಣಿ ತೀರಿಕೊಂಡು ಐದು ವರ್ಷ ಆಗಿತ್ತು. ಕೋಟೆ ಪ್ರತಾಪರುದ್ರನ ಕಾಲದ್ದು. ಶಾಸನತಜ್ಞ ಪಿ.ವಿ. ಪರಬ್ರಹ್ಮ ಶಾಸ್ತ್ರಿಯವರ ಕಾಕತೀಯರ ಮೇಲಿನ ಗ್ರಂಥ 1978ರಲ್ಲೇ ಬಂದಿದೆ. ಕೈಪಿಡಿಗಳು ಇನ್ನೂ ಅಲ್ಲಿಗೆ ಮುಟ್ಟಿಲ್ಲ.

ಒಬ್ಬ ಸೇವಕ, ಸತ್ತ ಒಡತಿಯ ಹೆಸರಲ್ಲಿ ಒಂದು ತುಂಡು ಹೊಲ ಬಿಟ್ಟ. ಆ ಕಲ್ಲು ಒಡೆದುಹೋಗಿದ್ದರೆ, ಅಥವಾ ಯಾರದೋ ಮನೆಯ ಹೊಸ್ತಿಲಾಗಿದ್ದರೆ, ನಮ್ಮ ಊರಿನ ಕೋಟೆಗೆ ನಾವು ತಪ್ಪು ದೊರೆಯನ್ನು ಹೇಳುತ್ತಲೇ ಇರುತ್ತಿದ್ದೆವು.

ಇನ್ನು ಆ ‘ರುದ್ದಿವಾರು’. ಈ ಹೆಸರು ಮೊದಲ ಸಲ ಓದಿದಾಗಲೇ ಕಿವಿಗೆ ಎಡವುತ್ತದೆ. ರಾಯಚೂರಿನಲ್ಲಿ ಬೆಳೆದವರಿಗೆ ತೆಲುಗು ಹೊಸದಲ್ಲ. ‘ವಾರು’ ಅನ್ನೋದು ತೆಲುಗಿನಲ್ಲಿ ಗೌರವಕ್ಕೆ ಹಚ್ಚುವ ಬಾಲ, ನಮ್ಮ ‘ಅವರು’ ಇದ್ದ ಹಾಗೆ. ಬಾಲ ಕಳೆದರೆ ಉಳಿಯೋದು ‘ರುದ್ದಿ’. ಆ ಸೀಮೆಯಲ್ಲಿ ರುದ್ದಿ ಅನ್ನೋ ಮನೆತನ ಎಲ್ಲಿದೆ? ‘ರೆಡ್ಡಿ’ ಊರೂರಲ್ಲಿ ಇದ್ದಾರೆ. ಹದಿಮೂರನೆಯ ಶತಮಾನದಲ್ಲಿ ಕನ್ನಡ ಲಿಪಿ, ತೆಲುಗು ಲಿಪಿ ಹೆಚ್ಚುಕಡಿಮೆ ಒಂದೇ. ಸವೆದ ಕಲ್ಲಿನಲ್ಲಿ ಎತ್ವ, ಉತ್ವದ ಗುರುತು ಅದಲುಬದಲಾಗಿ ಕಾಣೋದು ನಮ್ಮಲ್ಲಿ ಕಲ್ಲು ಓದಿದವರೆಲ್ಲರಿಗೂ ಗೊತ್ತಿರುವ ಪಾಡು. ಈಗಿನ ವಿದ್ವಾಂಸರು ಒಪ್ಪುವ ಓದು ‘ಗೋನ ಗನ್ನಯ ರೆಡ್ಡಿ’. ಗೋನ ಅನ್ನೋದು ಮನೆತನದ ಹೆಸರು. ಈಗಿನ ನಾಗರಕರ್ನೂಲು ಭಾಗದ ವರ್ಧಮಾನಪುರದಿಂದ ಆಳಿದ ಕಾಕತೀಯ ಸಾಮಂತರು ಇವರು. ತೆಲುಗಿನ ರಂಗನಾಥ ರಾಮಾಯಣ ಬರೆದ ಗೋನ ಬುದ್ಧಾರೆಡ್ಡಿಯೂ ಇದೇ ಮನೆತನ. ಕೋಟೆ ಕಟ್ಟಿಸಿದ ವಿಠ್ಠಲನನ್ನೂ ತೆಲುಗು ಇತಿಹಾಸಕಾರರು ‘ಗೋನ ವಿಠ್ಠಲ’ ಅಂತಲೇ ಕರೆಯುತ್ತಾರೆ. 2015ರ ‘ರುದ್ರಮದೇವಿ’ ಸಿನೆಮಾದಲ್ಲಿ ಅಲ್ಲು ಅರ್ಜುನ್ ಮಾಡಿದ ಗೋನ ಗನ್ನಾರೆಡ್ಡಿ ಪಾತ್ರಕ್ಕೆ ರಾಯಚೂರಿನ ಟಾಕೀಸಿನಲ್ಲೂ ಸಿಳ್ಳೆ ಬಿದ್ದಿರಬೇಕು. ಸಿಳ್ಳೆ ಹಾಕಿದ ಹುಡುಗರಿಗೆ ಆ ಮನುಷ್ಯನ ಹೆಸರು ತಮ್ಮ ಊರಿನ ಗೋಡೆ ಮೇಲೇ ಇದೆ ಅಂತ ಹೇಳುವವರು ಬೇಕಿತ್ತು. ‘ಗೋರೆ ಗಂಗಯ್ಯ ರುದ್ದಿವಾರು’ ಅಂತ ಹೇಳಿಕೊಟ್ಟರೆ ಅವರಿಗೆ ಹೇಗೆ ಗೊತ್ತಾಗಬೇಕು?

ನನಗೆ ಈ ಶಾಸನದಲ್ಲಿ ಹೆಸರಿಗಿಂತ ಹೆಚ್ಚು ಇಷ್ಟವಾದದ್ದು ಊರುಗಳ ಪಟ್ಟಿ. ಆದವಾನಿ ಅಂದರೆ ಈಗಿನ ಆದೋನಿ. ತುಂಬಳ ಅದರ ಉತ್ತರಕ್ಕಿರುವ ಪೆದ್ದತುಂಬಳಂ. ಮಾನುವ ಅಂದರೆ ನಮ್ಮ ಮಾನ್ವಿ. ಈಗ ಭೂಪಟ ಬಿಡಿಸಿ ನೋಡಿ. ಗೋನ ಮನೆತನದ ನೆಲ ರಾಯಚೂರಿನ ಪೂರ್ವಕ್ಕೆ, ಕೃಷ್ಣೆಯ ಆಚೆ. ಅಲ್ಲಿಂದ ಹೊರಟವನು ನೇರವಾಗಿ ಪಶ್ಚಿಮಕ್ಕೆ ಬಂದರೆ ರಾಯಚೂರೇ ಮೊದಲು ಸಿಗಬೇಕು. ಆದರೆ ಶಾಸನ ತುಂಗಭದ್ರೆಯ ದಕ್ಷಿಣದ ಆದೋನಿಯನ್ನು ಮೊದಲು ಹೇಳುತ್ತದೆ, ಆಮೇಲೆ ನದಿಯ ಉತ್ತರಕ್ಕೆ ಬಂದು ಮಾನ್ವಿ, ಕೊನೆಗೆ ರಾಯಚೂರು ‘ಹೊಕ್ಕದ್ದು’. ಪಟ್ಟಿಯ ಕ್ರಮವೇ ದಂಡಯಾತ್ರೆಯ ಕ್ರಮ ಅಂತ ಹಿಡಿದರೆ, ವಿಠ್ಠಲ ದಕ್ಷಿಣದಿಂದ ಸುತ್ತಿ ಬಂದು ರಾಯಚೂರಿನ ಬೆನ್ನಿಗೆ ನಿಂತ ಹಾಗೆ ಆಗುತ್ತದೆ. ಎರಡು ನದಿ ನಡುವಿನ ಈ ನೆಲ ಆಗ ದೇವಗಿರಿಯ ಸೇವುಣ ರಾಮಚಂದ್ರನ ಕೈಯಲ್ಲಿತ್ತು. ಅವನ ನೆರವು ಬರಬೇಕಾದದ್ದು ಪಶ್ಚಿಮದಿಂದ. ಮಾನ್ವಿ ರಾಯಚೂರಿನ ನೈಋತ್ಯಕ್ಕೆ ಐವತ್ತು ಕಿಲೋಮೀಟರಿನ ಆಸುಪಾಸು. ಅದನ್ನು ಮೊದಲು ಹಿಡಿದರೆ ರಾಯಚೂರಿಗೆ ಆ ಕಡೆಯ ದಾರಿ ಮುಚ್ಚಿದ ಹಾಗೆ. ಇದು ನನ್ನ ಊಹೆ, ಶಾಸನದ ಮಾತಲ್ಲ. ಪ್ರಶಸ್ತಿ ಬರೆಯುವವರು ಊರುಗಳನ್ನು ಪ್ರಾಸಕ್ಕೆ ಬೇಕಾದ ಹಾಗೂ ಜೋಡಿಸುತ್ತಾರೆ. ಆದರೂ ಈ ದಾರಿಗೆ ಅರ್ಥ ಇದೆ.

ಮಾನ್ವಿ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಹರಿಕಥಾಮೃತಸಾರದ ಜಗನ್ನಾಥದಾಸರು. ಸರಿಯೇ. ಆದರೆ ದಾಸರು ಹುಟ್ಟೋದಕ್ಕೆ ನಾಲ್ಕು ನೂರಕ್ಕೂ ಹೆಚ್ಚು ವರ್ಷ ಮುಂಚೆ ಮಾನ್ವಿ ಗೆದ್ದು ಹೇಳಿಕೊಳ್ಳುವಂಥ ಕೋಟೆಯ ಊರಾಗಿತ್ತು. ರಾಯಚೂರಿನ ಕಲ್ಲನ್ನು ಮಾನ್ವಿಯವರೂ ತಮ್ಮದು ಅನ್ನಬಹುದು.

ಎಂಜಿನಿಯರ್ ಆದ ತಪ್ಪಿಗೆ ಈಗ ಕಲ್ಲಿನ ಭಾರಕ್ಕೆ ಬರುತ್ತೇನೆ. 41 ಅಡಿ ಉದ್ದ, 3 ಅಡಿ ಅಗಲ. ದಪ್ಪ ಗೋಡೆಯೊಳಗೆ ಹುದುಗಿದೆ. ಗ್ರಾನೈಟ್ ಘನ ಅಡಿಗೆ ಹೆಚ್ಚುಕಡಿಮೆ 75 ಕೆಜಿ. ಅಂದರೆ ಪ್ರತಿ ಒಂದು ಅಡಿ ದಪ್ಪಕ್ಕೆ 123 ಘನ ಅಡಿ, 9 ಟನ್ನಿಗಿಂತ ತುಸು ಜಾಸ್ತಿ. ಎರಡು ಅಡಿ ದಪ್ಪ ಇದ್ದರೆ 18 ಟನ್, ಪಕ್ಕದ ಕಲ್ಲುಗಳಂತೆ ಮೂರು ಅಡಿ ಇದ್ದರೆ 27-28 ಟನ್. ಒಂದೇ ಅಡಿ ಇರಲಾರದು. ಯಾಕಂದ್ರೆ ಒಂದಡಿ ದಪ್ಪದ ಇಷ್ಟುದ್ದದ ಚಪ್ಪಡಿಯನ್ನು ಮಲಗಿಸಿ ಎರಡು ತುದಿಗೆ ಮಾತ್ರ ಆಧಾರ ಕೊಟ್ಟರೆ ತನ್ನ ಭಾರಕ್ಕೇ ನಡುವೆ ಸೀಳುವ ಹಂತಕ್ಕೆ ಬರುತ್ತದೆ. ಗಣಿಯಿಂದ ಎತ್ತುವಾಗಲೇ ಹೋಗುತ್ತಿತ್ತು.

ಇದನ್ನು ತಂದದ್ದು ಹೇಗೆ? ಅದನ್ನೂ ಅವರೇ ಬರೆದಿಟ್ಟಿದ್ದಾರೆ, ಅಕ್ಷರದಲ್ಲಲ್ಲ, ಚಿತ್ರದಲ್ಲಿ. ಶಾಸನದ ಹತ್ತಿರವೇ ಗೋಡೆಯಲ್ಲಿ ಗೀರಿದ ಚಿತ್ರ ಇದೆ. ಅರೆಕಾಲಿಲ್ಲದ ಗಟ್ಟಿ ಚಕ್ರದ ಬಂಡಿ, ಅದರ ಮೇಲೆ ಉದ್ದನೆಯ ಕಲ್ಲು, ಮುಂದೆ ಸಾಲಾಗಿ ಕಟ್ಟಿದ ಕೋಣಗಳು, ಹೊಡೆಯುವವರು, ಚಕ್ರಕ್ಕೆ ಸನ್ನೆಗೋಲು ಹಾಕಿ ಮೀಟುವ ಆಳುಗಳು. ನನ್ನ ಲೆಕ್ಕಕ್ಕೆ ಈ ಚಿತ್ರ ತಾಳೆಯಾಗುತ್ತದೆ. 18 ಟನ್ ಹೊರೆಯನ್ನು ಗಟ್ಟಿ ನೆಲದ ಮೇಲೆ ಗಟ್ಟಿ ಚಕ್ರದಲ್ಲಿ ಎಳೆಯಲು ಒಂದೂವರೆ ಟನ್ನಿನ ಮೇಲೆ ಎಳೆತ ಬೇಕು. ಒಂದು ಜೋಡಿ ಕೋಣ ದಣಿಯದೆ ಕೊಡುವ ಎಳೆತ ಸುಮಾರು ನೂರು ಕೆಜಿ. ಹದಿನೈದು ಇಪ್ಪತ್ತು ಜೋಡಿ ಇಲ್ಲದೆ ಆಗದ ಕೆಲಸ. ನಿಂತ ಬಂಡಿಯನ್ನು ಕದಲಿಸೋದು ಇನ್ನೂ ಕಷ್ಟ, ಅದಕ್ಕೇ ಹಿಂದೆ ಸನ್ನೆಗೋಲು. ಹೊಲದಲ್ಲಿ ಹತ್ತಿ ಚೀಲದ ಬಂಡಿ ಹೂತಾಗ ನಮ್ಮವರು ಇವತ್ತಿಗೂ ಇದೇ ಮಾಡ್ತಾರೆ.

ಭಾರಿ ಕಲ್ಲು ಸಾಗಿಸಿದ್ದನ್ನು ಚಿತ್ರವಾಗಿ ಉಳಿಸಿದವರು ಏಷ್ಯಾದಲ್ಲೇ ಕಡಿಮೆ. ಅಸ್ಸೀರಿಯಾದ ದೊರೆ ಸೆನ್ನಾಚೆರಿಬ್ ತನ್ನ ನಿನೆವೆ ಅರಮನೆಯ ಗೋಡೆಗಳಲ್ಲಿ ರೆಕ್ಕೆಯ ಗೂಳಿಯ ವಿಗ್ರಹ ಎಳೆದು ತರುವ ದೃಶ್ಯ ಕೆತ್ತಿಸಿದ. ಅಲ್ಲೂ ಹಗ್ಗ, ಅಲ್ಲೂ ಸನ್ನೆಗೋಲು. ಬೀಜಿಂಗಿನ ಅರಮನೆ ನಗರಕ್ಕೆ 1557ರ ಚಳಿಗಾಲದಲ್ಲಿ ಒಂದು ಕಲ್ಲು ತಂದ ದಾಖಲೆ ಕಾಗದದಲ್ಲಿ ಉಳಿದಿದೆ: 9.5 ಮೀಟರ್ ಉದ್ದ, ಸುಮಾರು 123 ಟನ್, ಮಂಜುಗಟ್ಟಿದ ದಾರಿಯಲ್ಲಿ ಜಾರುಬಂಡಿ ಮೇಲೆ 70 ಕಿಲೋಮೀಟರ್, 28 ದಿನ. ಭಾರದಲ್ಲಿ ಅದರ ಮುಂದೆ ನಮ್ಮದು ಸಣ್ಣದು. ಉದ್ದದಲ್ಲಿ ಮಾತ್ರ ರಾಯಚೂರಿನದು ಹನ್ನೆರಡೂವರೆ ಮೀಟರ್. ನಮಗೆ ಮಂಜುಗಡ್ಡೆಯ ಅನುಕೂಲವೂ ಇಲ್ಲ. ರಾಯಚೂರಿನ ಬಿಸಿಲು ಗೊತ್ತಲ್ಲ.

ಇಷ್ಟುದ್ದದ ಕಲ್ಲು ಗೋಡೆಗೆ ಬೇಕಿರಲಿಲ್ಲ. ಹನ್ನೆರಡು ಅಡಿಯವೇ ಸಾಕಿತ್ತು. ತಂದದ್ದು ತೋರಿಸೋಕೆ, ಬರೆಸೋಕೆ. ಗೆದ್ದ ಊರಿನ ಗೋಡೆಯಲ್ಲಿ, ಹೋಗಿಬರುವವರ ಕಣ್ಣಿಗೆ ಬೀಳುವ ಹಾಗೆ.

ಆ ಗೋಡೆ ಎಷ್ಟು ಗಟ್ಟಿ ಅನ್ನೋದಕ್ಕೆ ಇನ್ನೊಂದು ಸಾಕ್ಷಿ 1520ರದ್ದು. ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದ್ದನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಸುಣ್ಣವಿಲ್ಲದೆ ದೊಡ್ಡ ಕಲ್ಲುಗಳಿಂದ ಕಟ್ಟಿದ ಗೋಡೆ ಅಂತ ಅವನೂ ಗಮನಿಸಿದ್ದ. ದಂಡಿನವರು ಹಾರೆ ಗುದ್ದಲಿ ಹಿಡಿದು ಗೋಡೆಯ ಕಲ್ಲು ಕೀಳುತ್ತಿದ್ದರು, ಕಿತ್ತ ಕಲ್ಲಿಗೆ ದುಡ್ಡು ಕೊಡುತ್ತಿದ್ದರು ಎನ್ನುತ್ತಾನೆ. ಗಾರೆ ಇಲ್ಲದ ಗೋಡೆಯ ಬಲವೂ ಅದೇ, ದೌರ್ಬಲ್ಯವೂ ಅದೇ. ಒಂದು ಕಲ್ಲು ಕಿತ್ತರೆ ಪಕ್ಕದ್ದು ಸಡಿಲ. ನಲವತ್ತು ಅಡಿಯದ್ದನ್ನು ಮಾತ್ರ ಯಾರೂ ಕೀಳಲಿಲ್ಲ.

ಒಂದು ಕಲ್ಲು ಇನ್ನೊಂದರ ಮೇಲಿನ ತಪ್ಪು ಹೆಸರನ್ನು ಅಳಿಸಿದ ಹಾಗೆ, ಇಲ್ಲದ ಹೆಸರನ್ನು ಕೊಟ್ಟದ್ದೂ ಉಂಟು. ಅದು ನಮ್ಮ ಜಿಲ್ಲೆಯಿಂದಲೇ ಹೋದ ಸಾಲ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಓದಿದಾಗ ಕಂಬಗಳಲ್ಲಿ ಸಿಕ್ಕಿದ್ದು ‘ದೇವಾನಾಂಪಿಯ ಪಿಯದಸಿ’ ಎಂಬ ಬಿರುದು ಮಾತ್ರ. ಅದು ಅಶೋಕನೇ ಅನ್ನೋದು ಸಿಂಹಳದ ಪಾಳಿ ಗ್ರಂಥಗಳಿಂದ ಮಾಡಿದ ತೀರ್ಮಾನ. ಕಲ್ಲಿನ ಮೇಲೆ ‘ಅಸೋಕ’ ಎಂಬ ಹೆಸರು ಮೊದಲು ಕಂಡದ್ದು 1915ರಲ್ಲಿ, ಮಸ್ಕಿಯ ಬಂಡೆಯಲ್ಲಿ. ಕಂಡವನು ನಿಜಾಮ ಸೀಮೆಯಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್. (ನಮ್ಮ ವೃತ್ತಿಬಾಂಧವ ಅಂತ ನನಗೆ ಒಳಗೊಳಗೇ ಹೆಮ್ಮೆ.) ಅದೇ ವರ್ಷ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಪ್ರಕಟಿಸಿದರು. ದೆಹಲಿಯ ಕಂಬ, ಸಾರನಾಥದ ಕಂಬ ಅಶೋಕನವು ಅಂತ ಕಲ್ಲಿನ ಆಧಾರದಿಂದ ಹೇಳುವಂತಾದದ್ದು ಮಸ್ಕಿಯಿಂದ. ಚಂದುಪಟ್ಲ ನಮಗೆ ಮಾಡಿದ್ದನ್ನು ಮಸ್ಕಿ ಅವರಿಗೆ ಮಾಡಿತು.

ಇದನ್ನೆಲ್ಲ ಈಗ ಬರೆಯೋಕೆ ಕಾರಣ ದೇವದುರ್ಗ. ಆ ತಾಲೂಕಿನ ಗಬ್ಬೂರಿಗೆ ಹೋದವರಿಗೆ ಗೊತ್ತು, ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳು, ಮಳೆ ಶಂಕರನ ಗುಡಿ, ಎಡವಿದಲ್ಲೆಲ್ಲ ಶಾಸನದ ಕಲ್ಲು. ಸುತ್ತಲ ಹಳ್ಳಿಗಳಲ್ಲೂ ಹನುಮಪ್ಪನ ಗುಡಿ ಕಟ್ಟೆಗೆ ಒರಗಿಸಿದ ವೀರಗಲ್ಲು, ಶಾಸನ ಕಾಣುತ್ತವೆ. ಕೆಲವಕ್ಕೆ ವರ್ಷಕ್ಕೊಮ್ಮೆ ಸುಣ್ಣ, ಈಗೀಗ ಆಯಿಲ್ ಪೇಂಟು. ಪೇಂಟಿಗಿಂತ ದೊಡ್ಡ ಶತ್ರು ನಿಧಿಯ ಆಸೆ. ಕಲ್ಲಿನ ತಲೆಯ ಮೇಲಿನ ಸೂರ್ಯ, ಚಂದ್ರ, ಲಿಂಗ, ಆಕಳು ಕರು, ಕತ್ತಿ, ಇವೆಲ್ಲ ನಿಧಿ ಎಲ್ಲಿದೆ ಅಂತ ಹೇಳುವ ಗುರುತು ಎಂದು ನಂಬಿದವರು ಬಹಳ ಜನ. ರಾತ್ರಿ ಕಲ್ಲು ಕಿತ್ತು ಅಡಿ ತೋಡುತ್ತಾರೆ, ಏನೂ ಸಿಗದ ಸಿಟ್ಟಿಗೆ ಒಡೆಯುತ್ತಾರೆ.

ಒಂದು ಹಳ್ಳಿಯಲ್ಲಿ ಕಲ್ಲು ತೊಳೆಯುತ್ತಿದ್ದಾಗ ಒಬ್ಬ ಹಿರಿಯರು ಬಂದು ಕೂತರು. “ಸರ, ಖರೇ ಹೇಳ್ರಿ, ಇದರಾಗ ಹೊನ್ನಿನ ಸುದ್ದಿ ಐತೇನ್ರಿ?”

“ಇಲ್ಲ ತಾತ. ಹೊಲದ ಸುದ್ದಿ ಐತಿ. ದೇವರಿಗೆ ಇಷ್ಟು ಮತ್ತರು ಹೊಲ ಬಿಟ್ಟೀವಿ, ಸೂರ್ಯ ಚಂದ್ರ ಇರೋ ತನಕ ನಡೀಲಿ ಅಂತ ಬರದಾರ. ಮ್ಯಾಲಿನ ಸೂರ್ಯ ಚಂದ್ರ ಅದಕ್ಕ.”

“ಮತ್ತ ಆಕಳ?”

“ಇದನ್ನ ಕೆಡಿಸಿದವರಿಗೆ ಆಕಳ ಕೊಂದ ಪಾಪ ಅಂತ ಕೆಳಗ ಶಾಪ ಐತ್ರಿ.”

ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಇದು ಪಹಣಿ ಅನ್ರಿ” ಅಂದರು. ಶಾಸನ ಅಂದರೇನು ಅಂತ ನಾನು ಓದಿದ ವ್ಯಾಖ್ಯಾನಗಳಲ್ಲಿ ಇಷ್ಟು ಚೊಕ್ಕದ್ದು ಇನ್ನೊಂದಿಲ್ಲ. ಪಹಣಿ ಅಂದಮೇಲೆ ಅದನ್ನು ಒಡೆಯಲು ಯಾರೂ ಬಿಡುವುದಿಲ್ಲ. ಆ ಊರಿನಲ್ಲಿ ಈಗ ಆ ಕಲ್ಲಿಗೆ ಹೆಸರೇ ‘ಪಹಣಿ ಕಲ್ಲು’.

ಹಾಗಾಗಿ ಈ ಭಾಗಕ್ಕೆ ಹೋಗುವ ಓದುಗರಲ್ಲಿ ಒಂದು ಕೇಳಿಕೆ. ಊರವರಿಗೆ ಕಲ್ಲಿನಲ್ಲಿ ಏನು ಬರೆದಿದೆ ಅಂತ ಹೇಳದೆ ಬರೀ ಫೋಟೋ ಹೊಡೆದುಕೊಂಡು ಬರಬೇಡಿ. ನೀವು ಹೇಳದೆ ಬಂದರೆ ಗುಟ್ಟೇನೋ ಇದೆ ಅಂತಲೇ ಅವರು ತಿಳಿಯೋದು. ಅಕ್ಷರಗಳಿಗೆ ಸೀಮೆಸುಣ್ಣ ತುಂಬಬೇಡಿ, ತಪ್ಪು ತುಂಬಿದ ಗೆರೆಯೇ ಮುಂದಿನವರಿಗೆ ಪಾಠವಾಗಿಬಿಡುತ್ತದೆ. ನೀರು, ಮೆತ್ತನೆಯ ಬ್ರಷ್ಷು, ಓರೆ ಬೆಳಕು ಸಾಕು.

ಓರೆ ಬೆಳಕು ಅಂದಾಗ ಒಂದು ವಿಷಯ. ರಾಯಚೂರಿನ ಉದ್ದಗಲ್ಲಿನ ಹಾಗೆ ಪಶ್ಚಿಮ ಗೋಡೆಯಲ್ಲಿರುವ, ಪಡುವಣಕ್ಕೆ ಮುಖ ಮಾಡಿದ ಶಾಸನಗಳನ್ನು ಜನ ಸಂಜೆ ಬಿಸಿಲಿನಲ್ಲಿ ತೆಗೆಯುತ್ತಾರೆ. ಸಂಜೆಯ ಬಿಸಿಲು ಕಲ್ಲಿಗೆ ನೇರವಾಗಿ ಬಿದ್ದು ಅಕ್ಷರ ಚಪ್ಪಟೆಯಾಗುತ್ತವೆ. ಮಧ್ಯಾಹ್ನ ಹನ್ನೆರಡೂವರೆಯಿಂದ ಒಂದೂವರೆ ಒಳಗೆ ಹೋಗಿ. ಬಿಸಿಲು ಮೇಲಿಂದ ಗೋಡೆಯನ್ನು ಸವರಿಕೊಂಡು ಇಳಿಯುವಾಗ ಅಕ್ಷರದ ಅಂಚು ಎದ್ದು ನಿಲ್ಲುತ್ತದೆ. ತಲೆಗೆ ಟವೆಲ್, ಕೈಯಲ್ಲಿ ನೀರಿನ ಬಾಟಲಿ ಇರಲಿ. ಅಕ್ಷರದ ಫೋಟೋ ಆದಮೇಲೆ ಕೋಣಗಳ ಸಾಲನ್ನೂ ಎಣಿಸಿ ಬನ್ನಿ. ನನ್ನ ಹದಿನೈದು ಇಪ್ಪತ್ತು ಜೋಡಿ ಲೆಕ್ಕಕ್ಕೂ ಕೆತ್ತಿದವನ ಲೆಕ್ಕಕ್ಕೂ ಎಷ್ಟು ಅಂತರ ಅಂತ ನೀವೇ ತಾಳೆ ನೋಡಿ.